ಕೋಲ್ಶ್ ಅವರ ಐದು ಆಲ್ಬಂಗಳು: ಹೊಸದರಿಂದ ಶುರು ಮಾಡಬೇಕೆ, ಹಳೆಯದರಿಂದಲೆ?

ಸಂಗೀತದ ಆ್ಯಪ್‌ನಲ್ಲಿ ಕಲಾವಿದರೊಬ್ಬರ ಹೆಸರನ್ನು ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಕಾಣಿಸುವುದು ಅವರ ತೀರ ಈಚಿನ ಬಿಡುಗಡೆ. ಚಿತ್ರಗೀತೆಯ ಮಟ್ಟಿಗೆ ಇದರಿಂದ ನಷ್ಟವೇನೂ ಇಲ್ಲ, ಏಕೆಂದರೆ ಈ ವಾರ ಬಂದ ಹಾಡನ್ನು ಸವಿಯುವುದಕ್ಕೆ ಅದೇ ಸಂಗೀತ ನಿರ್ದೇಶಕರ ಹತ್ತು ವರ್ಷದ ಹಿಂದಿನ ಹಾಡು ಗೊತ್ತಿರಬೇಕೆಂದೇನೂ ಇಲ್ಲ. ಆದರೆ ಮೆಲಾಡಿಕ್ ಹೌಸ್ ಮತ್ತು ಟೆಕ್ನೋ ಎಂದು ಕರೆಸಿಕೊಳ್ಳುವ ನೃತ್ಯಸಂಗೀತದಲ್ಲಿ, ಅದರಲ್ಲೂ ಡೆನ್ಮಾರ್ಕಿನ ಕೋಲ್ಶ್ ಅವರಂತೆ 2013ರಿಂದ 2023ರವರೆಗಿನ ಹತ್ತು ವರ್ಷಗಳಲ್ಲಿ ಒಂದಕ್ಕೊಂದು ನಂಟಿರುವ ಐದು ಆಲ್ಬಂಗಳನ್ನು ಕೊಟ್ಟವರ ವಿಷಯದಲ್ಲಿ, ಆ್ಯಪ್ ತೋರಿಸುವ ಕ್ರಮವೂ ಕೇಳಬೇಕಾದ ಕ್ರಮವೂ ಒಂದೇ ಆಗಿರುವುದಿಲ್ಲ. ಹೊಸಬರು ಯಾವುದರಿಂದ ತೊಡಗಬೇಕು, ಕ್ಲಬ್ಬಿನಲ್ಲಿ ನುಡಿಸಲು ಬೇಕಾದವರು ಯಾವುದಕ್ಕೆ ಹಣ ಕೊಡಬೇಕು, ಹೊಸ ಆಲ್ಬಮನ್ನು ಯಾರು ಸ್ವಲ್ಪ ಕಾಲ ಬದಿಗಿಡುವುದು ಒಳ್ಳೆಯದು ಎಂಬುದನ್ನು ಇಲ್ಲಿ ಹೋಲಿಸಿ ನೋಡಲಾಗಿದೆ.

ಮೊದಲಿಗೆ ಒಂದು ಪದದ ಗೊಂದಲವನ್ನು ಕಳೆಯಬೇಕು. ನಮ್ಮಲ್ಲಿ ನಿರ್ಮಾಪಕ ಎಂದರೆ ಹಣ ಹೂಡುವವರು. ನೃತ್ಯಸಂಗೀತದಲ್ಲಿ ಪ್ರೊಡ್ಯೂಸರ್ ಎಂದರೆ ರಾಗ ಕಟ್ಟುವುದು, ತಾಳ ಕೂಡಿಸುವುದು, ಸಿಂಥಸೈಜರಿನಲ್ಲಿ ಒಂದೊಂದು ನಾದವನ್ನೂ ತಿದ್ದುವುದು, ಕೊನೆಗೆ ಎಲ್ಲವನ್ನೂ ಹದವಾಗಿ ಬೆರೆಸುವುದು, ಇಷ್ಟನ್ನೂ ಬಹುಮಟ್ಟಿಗೆ ಒಬ್ಬರೇ ಮಾಡುವವರು. ಆದ್ದರಿಂದ ಇಲ್ಲಿ ಆಲ್ಬಂ ಎನ್ನುವುದು ಒಬ್ಬರ ಕೈಬರಹದಂತೆ ಇರುತ್ತದೆ, ಮತ್ತು ಅವರ ಬದುಕು ಬದಲಾದ ಹಾಗೆ ಆ ಬರಹವೂ ಬದಲಾಗುತ್ತದೆ.

ರೂನ್ ರೈಲಿ ಕೋಲ್ಶ್ 1977ರಲ್ಲಿ ಕೋಪನ್‌ಹೇಗನ್‌ನಲ್ಲಿ ಹುಟ್ಟಿದರು. ಸೇನೆ ಬಿಟ್ಟುಹೋದ ಬ್ಯಾರಕ್‌ಗಳಲ್ಲಿ 1971ರಲ್ಲಿ ಜನರು ತಾವಾಗಿಯೇ ನೆಲೆಯೂರಿ ಕಟ್ಟಿಕೊಂಡ ಕ್ರಿಸ್ಟಿಯಾನಿಯಾ ಎಂಬ ಬಡಾವಣೆಯಲ್ಲಿ ಅವರು ಬೆಳೆದರು. ಅವರ ಐದು ಆಲ್ಬಂಗಳೂ ಜರ್ಮನಿಯ ಕಲೋನ್ ನಗರದ ಕೊಂಪಾಕ್ಟ್ ಎಂಬ ಸಂಸ್ಥೆಯಿಂದ ಹೊರಬಂದಿವೆ. ಆ ಊರಿನ ಬಿಯರಿಗೂ ಅಲ್ಲಿನ ಆಡುಮಾತಿಗೂ ಕೋಲ್ಶ್ ಎಂದೇ ಹೆಸರಿರುವುದರಿಂದ ಇದು ಸಂಸ್ಥೆಯನ್ನು ಮೆಚ್ಚಿಸಲು ಇಟ್ಟುಕೊಂಡ ವೇದಿಕೆಯ ಹೆಸರಿರಬೇಕು ಎಂದು ಭಾವಿಸುವವರಿದ್ದಾರೆ. ಅದು ಅವರ ಮನೆತನದ ಹೆಸರು, ಅಷ್ಟೆ. ಈ ಹೆಸರನ್ನೇ ಕೇಳಿಲ್ಲ ಎನ್ನುವವರೂ ಅವರ ಒಂದು ಸ್ವರಸಾಲನ್ನಂತೂ ಕೇಳಿರುವ ಸಂಭವವಿದೆ. 2003ರಲ್ಲಿ ರೂನ್ ಎಂಬ ಹೆಸರಿನಲ್ಲಿ ಅವರು ‘ಕಲಾಬ್ರಿಯಾ’ ಎಂಬ ಕೃತಿಯನ್ನು ಹೊರತಂದರು. ಅದರ ಸ್ಯಾಕ್ಸೊಫೋನ್ ಸಾಲು 2007ರ ಹೊತ್ತಿಗೆ ನತಾಶಾ ಎಂಬ ಡ್ಯಾನಿಶ್ ಗಾಯಕಿಯ ದನಿಯೊಡನೆ ಒಮ್ಮೆ, ಇಟಲಿಯ ಅಲೆಕ್ಸ್ ಗೌಡಿನೊ ಅವರ ಕೈಯಲ್ಲಿ ಇನ್ನೊಮ್ಮೆ ಲೋಕವನ್ನೆಲ್ಲ ಸುತ್ತಿತು, ಮತ್ತು ಫೋನಿನ ಕಿರು ವಿಡಿಯೊಗಳಲ್ಲಿ ಇಂದಿಗೂ ಸುತ್ತುತ್ತಿದೆ. ಆ ಸಾಲಿನ ಬೆನ್ನು ಹಿಡಿದು ಕೋಲ್ಶ್ ಹೆಸರಿನ ಆಲ್ಬಂಗಳಿಗೆ ಬರುವವರಿಗೆ ಮೊದಲೇ ಹೇಳಿಬಿಡುವುದು ವಾಸಿ: ಅಂಥ ತುಂಟತನ ಈ ಐದರಲ್ಲಿ ಯಾವುದರಲ್ಲಿಯೂ ಸಿಕ್ಕುವುದಿಲ್ಲ.

ಹಾಗಾದರೆ ಸಿಕ್ಕುವುದೇನು? ನಿಮಿಷಕ್ಕೆ ಸುಮಾರು 120ರಿಂದ 126 ಬಡಿತಗಳ ವೇಗದಲ್ಲಿ, ಎಲ್ಲಿಯೂ ಎಡವದ ಚತುರಶ್ರ ನಡೆಯಲ್ಲಿ, ಪ್ರತಿ ಎಣಿಕೆಗೂ ಒಂದು ತಗ್ಗಿದ ಡ್ರಮ್ಮಿನ ಪೆಟ್ಟು ಬೀಳುತ್ತಿರುತ್ತದೆ. ಅದರ ಮೇಲೆ ನಾಲ್ಕಾರು ಸ್ವರಗಳ ಒಂದು ಗೊಂಚಲನ್ನು ಬಿಡಿಬಿಡಿಯಾಗಿ ಸುತ್ತಿಸುವ ಸಿಂಥಸೈಜರು. ನಡುವೆ ಡ್ರಮ್ಮು ಪೂರ್ತಿ ನಿಂತು ಬರೀ ಸ್ವರಗಳೇ ಉಳಿಯುವ ಬ್ರೇಕ್‌ಡೌನ್. ಬಳಿಕ ಡ್ರಮ್ಮು ಮತ್ತೆ ಬಂದು ಕೂಡಿಕೊಳ್ಳುವ ಗಳಿಗೆ. ಪಲ್ಲವಿ, ಚರಣಗಳಿಗೆ ಹೊಂದಿಕೊಂಡ ಕಿವಿಗೆ ಮೊದಮೊದಲು ಇದು ಏನೂ ನಡೆಯದ ಸಂಗೀತವೆನಿಸಬಹುದು. ಆಲಾಪನೆಯನ್ನು ಕೇಳಿ ಬಲ್ಲವರಿಗೆ ಈ ಸಾವಧಾನ ಹೊಸದೇನಲ್ಲ. ಆದರೆ ಅಲ್ಲಿ ಸ್ವರಸಂಚಾರ ಹಿಗ್ಗುತ್ತ ಹೋದರೆ ಇಲ್ಲಿ ಸ್ವರಗಳು ಇದ್ದಲ್ಲೇ ಇದ್ದು, ನಾದದ ಚೂಪು ಅಂಶಗಳನ್ನು ತಡೆದು ಹಿಡಿಯುವ ಫಿಲ್ಟರನ್ನು ತೆರೆದಂತೆಲ್ಲ ನಾದದ ಬಣ್ಣ ಮಂಕಿನಿಂದ ಬೆಳಕಿಗೆ ತಿರುಗುತ್ತದೆ. ಕೋಲ್ಶ್ ಅವರ ಆಲ್ಬಂಗಳನ್ನು ಒಂದರ ಪಕ್ಕ ಒಂದಿಟ್ಟು ತೂಗುವಾಗ ಗಮನಿಸಬೇಕಾದದ್ದು ಮುಖ್ಯವಾಗಿ ಈ ಬಣ್ಣವನ್ನೇ.

ವರ್ಷಗಳ ಹೆಸರಿನ ಮೂರು ಆಲ್ಬಂಗಳು

ಮೊದಲ ಮೂರು ಆಲ್ಬಂಗಳಿಗೆ ಅವರ ಬಾಲ್ಯದ ಮೂರು ವರ್ಷಗಳೇ ಹೆಸರು. ಹುಟ್ಟಿದ ವರ್ಷವಾದ ‘1977’ ಬಂದದ್ದು 2013ರಲ್ಲಿ, ‘1983’ ಬಂದದ್ದು 2015ರಲ್ಲಿ, ‘1989’ ಬಂದದ್ದು 2017ರಲ್ಲಿ. ಹೆಸರುಗಳನ್ನು ನೋಡಿದರೆ ಮೂರೂ ಒಂದೇ ಅಚ್ಚಿನವು ಎನಿಸುತ್ತದೆ, ಆದರೆ ಮೊದಲನೆಯದಕ್ಕೂ ಎರಡನೆಯದಕ್ಕೂ ಇರುವ ವ್ಯತ್ಯಾಸ ಈ ಇಡೀ ಸಾಲಿನಲ್ಲೇ ದೊಡ್ಡದು.

ಕೊಂಪಾಕ್ಟ್ ಸಂಸ್ಥೆ 2001ರಿಂದ ಶ್ಪೈಶರ್ ಎಂಬ ಮಾಲೆಯಲ್ಲಿ ಹನ್ನೆರಡು ಇಂಚಿನ ವಿನೈಲ್ ತಟ್ಟೆಗಳನ್ನು ಹೊರತರುತ್ತಿದೆ. ಶ್ಪೈಶರ್ ಎಂದರೆ ಜರ್ಮನ್ ಭಾಷೆಯಲ್ಲಿ ಕಣಜ, ಕಂಪ್ಯೂಟರಿನ ಮೆಮೊರಿಗೂ ಅದೇ ಪದ. ಮನೆಯಲ್ಲಿ ಕುಳಿತು ಕೇಳುವವರನ್ನು ಈ ಮಾಲೆ ಹೆಚ್ಚು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ರಾತ್ರಿ ಎರಡು ಗಂಟೆಗೆ ತುಂಬಿದ ಕ್ಲಬ್ಬಿನಲ್ಲಿ ಡಿಜೆಯ ಕೈಗೆ ಒದಗುವುದೇ ಅದರ ಕೆಲಸ. ಕೋಲ್ಶ್ ಎಂಬ ಹೆಸರು ಹುಟ್ಟಿದ್ದು ಈ ಮಾಲೆಯಲ್ಲೇ, 2010ರಲ್ಲಿ ಬಂದ ‘ಲೋರೆಲೈ’ ಎಂಬ ಕೃತಿಯೊಂದಿಗೆ. ‘1977’ ಆಲ್ಬಮಿನ ಬಹುಭಾಗ ಇಂಥ ತಟ್ಟೆಗಳ ಕೃತಿಗಳಿಂದಲೇ ತುಂಬಿದೆ. ಅಜ್ಜ ಎಂಬ ಅರ್ಥದ ‘ಓಪಾ’, ಅಜ್ಜಿ ಎಂಬ ಅರ್ಥದ ‘ಓಮಾ’ ಎಂಬ ಹೆಸರುಗಳಲ್ಲಿ ಮನೆಯ ನೆನಪು ಇದೆಯಾದರೂ ಸಂಗೀತದ ಕಟ್ಟೋಣ ಪೂರ್ತಿಯಾಗಿ ನೃತ್ಯದ ಅಂಕಣಕ್ಕೆ ಹೊಂದುವಂಥದ್ದು: ಒಂದು ಕೃತಿಯಿಂದ ಇನ್ನೊಂದಕ್ಕೆ ಬೆರೆಸಲು ಅನುಕೂಲವಾಗಲೆಂದು ಆರಂಭ, ಅಂತ್ಯಗಳಲ್ಲಿ ಬಿಟ್ಟ ಡ್ರಮ್ಮಿನ ಉದ್ದನೆಯ ಹಾಸು, ಒಂದೇ ದಪ್ಪ ಸ್ವರಸಾಲು, ಅದನ್ನು ಎತ್ತಿ ಹಿಡಿಯುವ ಬ್ರೇಕ್‌ಡೌನ್. ‘ಗೋಲ್ಡ್‌ಫಿಶ್’ ಎಂಬ ಕೃತಿ ಈ ಬಗೆಗೆ ಒಳ್ಳೆಯ ಮಾದರಿ. ಡ್ಯಾನಿಶ್ ತಂಡ ವೆಟೊದ ಟ್ರೋಯೆಲ್ಸ್ ಅಬ್ರಾಹಮ್ಸೆನ್ ಹಾಡಿರುವ ‘ಆಲ್ ದಟ್ ಮ್ಯಾಟರ್ಸ್’ ಒಂದೇ ಈ ಸಾಲಿನಿಂದ ಹೊರಗೆ ನಿಂತು, ಹಾಡನ್ನು ಬಯಸುವ ಕಿವಿಗೆ ಬಾಗಿಲಾಗುತ್ತದೆ.

ಒಟ್ಟಿನಲ್ಲಿ ‘1977’ ಬಿಡಿಬಿಡಿಯಾಗಿ ಬಲು ಗಟ್ಟಿ, ಇಡಿಯಾಗಿ ಅಷ್ಟು ಗಟ್ಟಿಯಲ್ಲ. ಮೊದಲಿನಿಂದ ಕೊನೆಯವರೆಗೆ ಒಂದೇ ಸಲ ಕೇಳಿದರೆ ನಾಲ್ಕನೆಯದೋ ಐದನೆಯದೋ ಬರುವ ಹೊತ್ತಿಗೆ ಕಿವಿ ದಣಿಯುತ್ತದೆ, ಏಕೆಂದರೆ ಪ್ರತಿಯೊಂದೂ ರಾತ್ರಿಯ ತುತ್ತತುದಿಯ ಗಳಿಗೆಗಾಗಿ ಸಿದ್ಧವಾಗಿ ನಿಂತಂಥದ್ದು. ಊಟದಲ್ಲಿ ಬರೀ ಹೋಳಿಗೆಯನ್ನೇ ಬಡಿಸುತ್ತ ಹೋದಂತೆ ಎನ್ನಬಹುದು. ಹಾಗಾಗಿ ನುಡಿಸುವವರಿಗೆ ಐದರಲ್ಲಿ ಮೊದಲು ಕೊಳ್ಳಬೇಕಾದದ್ದು ಇದು. ಬರೀ ಕೇಳುವವರಿಗೆ ಮೊದಲ ಆಯ್ಕೆ ಇದಾಗಬಾರದು.

ಕೇಳುವವರಿಗೆ ನಾನು ಮೊದಲು ಹೇಳುವುದು ‘1983’ರ ಹೆಸರು. ಇದರ ಹಿಂದಿರುವುದು ಚಿಕ್ಕಂದಿನಲ್ಲಿ ಮನೆಯವರೊಡನೆ ಕಾರಿನಲ್ಲಿ ಯುರೋಪಿನ ಉದ್ದಕ್ಕೂ ತೆಂಕಣದ ಕಡೆ ಹೋಗುತ್ತಿದ್ದ ಬೇಸಿಗೆಯ ಪ್ರಯಾಣಗಳ ನೆನಪು. ಕೃತಿಗಳ ಹೆಸರುಗಳೇ ಅದನ್ನು ಹೇಳುತ್ತವೆ: ‘ಇ45’ ಎಂಬುದು ಡೆನ್ಮಾರ್ಕಿನಿಂದ ಜರ್ಮನಿಯನ್ನು ಹಾದು ಇಟಲಿಯತ್ತ ಇಳಿಯುವ ಹೆದ್ದಾರಿ, ‘ಟಾಲ್ಬೊ’ ಎಂಬುದು ಆ ಕಾಲದ ಒಂದು ಕಾರಿನ ಹೆಸರು, ‘ಉಂಟರ್‌ವೇಗ್ಸ್’ ಎಂದರೆ ದಾರಿಯಲ್ಲಿರುವಾಗ. ಹಿಂದಿನ ಸೀಟಿನಲ್ಲಿ ಕುಳಿತ ಮಗುವಿಗೆ ಊರುಗಳು ಬರುವುದು ಹೋಗುವುದು ತಿಳಿಯುವುದಿಲ್ಲ, ಕಿಟಕಿಯಾಚೆ ಬೆಳಕು ಬದಲಾಗುವುದು ಮಾತ್ರ ತಿಳಿಯುತ್ತದೆ. ಆಲ್ಬಂ ಕೂಡ ಅದೇ ರೀತಿ ಸಾಗುತ್ತದೆ. ರಭಸದ ಕೃತಿಗಳ ನಡುವೆ ಬಿಡುವಿನ ಕೃತಿಗಳಿವೆ, ದನಿಯಿರುವ ಕೃತಿಗಳ ನಡುವೆ ದನಿಯಿಲ್ಲದವು. ಹೂಮೇಡ್‌ಹೂ ತಂಡದ ಟೋಮಸ್ ಹೋಫ್ಡಿಂಗ್ ಹಾಡಿರುವ ‘ಬ್ಲಡ್‌ಲೈನ್’ ಅವುಗಳಲ್ಲಿ ಒಂದು.

ಈ ಆಲ್ಬಮಿನ ನಡುಗಂಬ ‘ಕ್ಯಾಸಿಯೋಪಿಯ’. ಇಲ್ಲಿ ಗ್ರೆಗರ್ ಶ್ವೆಲ್ಲೆನ್‌ಬಾಖ್ ಅವರ ತಂತಿವಾದ್ಯಗಳು ಕೂಡಿಕೊಂಡಿವೆ. ಕೊಂಪಾಕ್ಟ್ ಸಂಸ್ಥೆಯ ಟೆಕ್ನೋ ಕೃತಿಗಳನ್ನೇ ಪಿಯಾನೋ ಮತ್ತು ವಾದ್ಯವೃಂದಕ್ಕೆ ಹೊಂದಿಸಿ 2013ರಲ್ಲಿ ಇಡೀ ಒಂದು ಆಲ್ಬಂ ಮಾಡಿದ್ದವರು ಅವರು. ಪಿಟೀಲುಗಳೆಂದ ಕೂಡಲೇ ನಮ್ಮ ಕಿವಿ ಚಲನಚಿತ್ರದ ಹಿನ್ನೆಲೆ ಸಂಗೀತವನ್ನು, ಕಣ್ಣೀರಿನ ದೃಶ್ಯವನ್ನು ನೆನೆಯುತ್ತದೆ. ಇಲ್ಲಿ ಅವು ಹಿನ್ನೆಲೆಗೆ ನಿಲ್ಲದೆ ಸಿಂಥಸೈಜರು ಎತ್ತಿದ ಸ್ವರಸಾಲನ್ನೇ ಕೈಬದಲಿಸಿ ಪಡೆದು ಮುಂದಕ್ಕೆ ಒಯ್ಯುತ್ತವೆ, ಅದರಿಂದಾಗಿ ಡ್ರಮ್ಮು ಮರಳುವ ಗಳಿಗೆಯಲ್ಲಿ ಯಂತ್ರದ ನಾದ ಯಾವುದು, ಬಿಲ್ಲಿನ ನಾದ ಯಾವುದು ಎಂಬ ಗಡಿ ಅಳಿಸಿಹೋಗಿರುತ್ತದೆ. ಕೋಲ್ಶ್ ಅವರಿಂದ ಒಂದೇ ಒಂದು ಕೃತಿಯನ್ನು ಕೇಳಿ ಬಿಡುತ್ತೇನೆನ್ನುವವರಿಗೆ ಅದು ಇದಾಗಲಿ. ಇದು ಹಿಡಿಸದಿದ್ದರೆ ಉಳಿದ ನಾಲ್ಕು ಆಲ್ಬಂಗಳಿಗೆ ಸಮಯ ಕೊಡಬೇಕಾದ ಅಗತ್ಯವೇ ಇಲ್ಲ.

‘1989’ ಹದಿಹರೆಯದ ಹೊಸ್ತಿಲಿನದು, ಮತ್ತು ಅದರ ಬಣ್ಣ ಬೂದು. ಈ ಮಾತು ಬರೀ ಅಲಂಕಾರವಲ್ಲ; ಐರಿಷ್ ಭಾಷೆಯಲ್ಲಿ ಬೂದು ಎಂಬ ಅರ್ಥದ ಪದವೇ ಆಲ್ಬಮಿನಲ್ಲಿ ಒಂದು ಕೃತಿಯ ಹೆಸರಾಗಿದೆ. ‘1983’ರ ಹಿಗ್ಗು ಇಲ್ಲಿ ಕಡಿಮೆ, ತಂತಿವಾದ್ಯಗಳು ಇದ್ದರೂ ಅವುಗಳ ಸ್ವಭಾವ ಬೇರೆ. ನಾರ್ವೆಯ ಗಾಯಕಿ ಅರೋರಾ ಹಾಡಿರುವ ‘ಇನ್ ಬಾಟಲ್ಸ್’ ಎಂಬುದು ಐದು ಆಲ್ಬಂಗಳಲ್ಲೇ ಹಾಡು ಎಂಬ ಮಾತಿಗೆ ತೀರ ಹತ್ತಿರವಾದದ್ದು, ಆದ್ದರಿಂದ ದನಿಯಿಲ್ಲದ ಸಂಗೀತ ತಮಗೆ ಒಗ್ಗುವುದಿಲ್ಲವೆಂದು ಖಚಿತವಾಗಿ ತಿಳಿದವರು ಮಾತ್ರ ‘1983’ರ ಬದಲು ಇಲ್ಲಿಂದ ತೊಡಗಬಹುದು. ಇಡೀ ಆಲ್ಬಮನ್ನು ಮೆಚ್ಚಲು ಸ್ವಲ್ಪ ತಾಳ್ಮೆ ಬೇಕು. ಮಳೆಗಾಲದ ಸಂಜೆ ಅದಕ್ಕೆ ನೆರವಾಗುತ್ತದೆ ಎಂಬುದು ನನ್ನ ಅನುಭವ, ಬೇರೆಯವರಿಗೆ ಹಾಗೆನಿಸಬೇಕೆಂದಿಲ್ಲ.

ಈಚಿನ ಎರಡು

2020ರ ಆಲ್ಬಮಿನ ಹೆಸರನ್ನು ಬಿಡಿಸಿ ಓದಿದರೆ ‘ಈಗ, ಇಲ್ಲಿ’ ಎಂದಾಗುತ್ತದೆ, ಕೂಡಿಸಿ ಓದಿದರೆ ‘ಎಲ್ಲಿಯೂ ಇಲ್ಲ’ ಎಂದಾಗುತ್ತದೆ: ‘ನೌ ಹಿಯರ್ ನೋ ವೇರ್’. ಬಾಲ್ಯದ ವರ್ಷಗಳನ್ನು ಬಿಟ್ಟು ವರ್ತಮಾನಕ್ಕೆ ಬಂದ ಮೊದಲ ಆಲ್ಬಂ ಇದು. ಬಂದದ್ದು ಮಾತ್ರ ಕ್ಲಬ್ಬುಗಳೆಲ್ಲ ಬಾಗಿಲು ಹಾಕಿಕೊಂಡಿದ್ದ ವರ್ಷದಲ್ಲಿ. ನೃತ್ಯಕ್ಕೆಂದು ಮಾಡಿದ ಸಂಗೀತವನ್ನು ಆ ವರ್ಷ ಜನ ಅಡುಗೆಮನೆಯಲ್ಲಿಯೂ ಹೆಡ್‌ಫೋನಿನಲ್ಲಿಯೂ ಕೇಳಬೇಕಾಗಿ ಬಂತು, ಮತ್ತು ಆಶ್ಚರ್ಯವೆಂದರೆ ಅದಕ್ಕೆ ಈ ಆಲ್ಬಂ ಚೆನ್ನಾಗಿಯೇ ಒದಗಿತು. ಹಿಂದಿನ ಮೂರಕ್ಕಿಂತ ಇದರ ನಾದ ಸ್ವಚ್ಛ, ಸ್ವರಸಾಲುಗಳು ಹಗುರ. ಆದರೆ ಹೋಲಿಕೆಯಲ್ಲಿ ನನಗೆ ಇದು ಐದರಲ್ಲಿ ಕೊನೆಯದು: ಯಾವುದೂ ತಪ್ಪಾಗಿಲ್ಲ, ಆದರೆ ವಾರ ಕಳೆದ ಮೇಲೆ ತಾನಾಗಿ ಬಾಯಿಗೆ ಬರುವ ಸಾಲುಗಳು ಕಡಿಮೆ. ಕಚೇರಿಯ ಕೆಲಸದ ಜೊತೆಗೆ ಮೆಲ್ಲಗೆ ಹಾಕಿಕೊಳ್ಳಲು ಒಂದು ಆಲ್ಬಂ ಬೇಕೆನ್ನುವವರಿಗೆ ಇದೇ ಸರಿ.

2023ರ ‘ಐ ಟಾಕ್ ಟು ವಾಟರ್’ ವಿಷಯ ಬೇರೆ. ಅವರ ತಂದೆ ಪ್ಯಾಟ್ರಿಕ್ ರೈಲಿ ಸಂಗೀತಗಾರರಾಗಿದ್ದವರು, 2003ರಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ಹಳೆಯ ಧ್ವನಿಮುದ್ರಣಗಳಲ್ಲಿನ ಗಿಟಾರು ಮತ್ತು ಹಾಡುಗಾರಿಕೆಯನ್ನು ಮಗ ಇಪ್ಪತ್ತು ವರ್ಷಗಳ ಬಳಿಕ ತನ್ನ ಯಂತ್ರಗಳ ನಡುವೆ ತಂದು ಕೂಡಿಸಿದ್ದಾರೆ. ಹೆಸರು ಹೊತ್ತ ಕೃತಿಯಲ್ಲಿ ತಂದೆಯ ದನಿ ಬಂದಾಗ ಅದು ಸ್ಟುಡಿಯೊದ ಅತಿಥಿ ಗಾಯಕರ ದನಿಯಂತೆ ನಯವಾಗಿರುವುದಿಲ್ಲ. ಮುದ್ರಣದ ಹಳಮೆಯನ್ನು ಪೂರ್ತಿ ಉಜ್ಜಿ ತೆಗೆಯದೆ ಉಳಿಸಿಕೊಂಡದ್ದು ಒಳ್ಳೆಯ ತೀರ್ಮಾನ. ಲಯದಲ್ಲಿ ಇದು ಹಿಂದಿನವುಗಳಿಂದ ಬಹಳ ದೂರ ಹೋಗಿಲ್ಲ, ನೃತ್ಯಕ್ಕೆ ಒದಗುವ ಕೃತಿಗಳೂ ಇವೆ, ಆದರೆ ಭಾರವೆಲ್ಲ ಇರುವುದು ಆ ದನಿಯ ಕಡೆ.

ಆ್ಯಪ್ ಎಲ್ಲಕ್ಕಿಂತ ಮೇಲೆ ಇಟ್ಟಿರುವ ಇದೇ ಆಲ್ಬಮನ್ನು ಹೊಸಬರು ಕೆಲಕಾಲ ಬದಿಗಿಡಬೇಕೆಂದು ನಾನು ಹೇಳುವುದಕ್ಕೂ ಅದೇ ಕಾರಣ. ‘1983’ರಲ್ಲಿ ಮನೆಯವರೊಡನೆ ಕಾರಿನಲ್ಲಿ ಹೋದ ಮಗುವನ್ನೂ ‘1989’ರ ಬೂದುಬಣ್ಣವನ್ನೂ ಕೇಳಿ ಬಂದವರಿಗೆ ಇಲ್ಲಿ ತಂದೆಯ ದನಿ ಎದುರಾಗುವುದು ಒಂದು ಘಟನೆ; ನೇರವಾಗಿ ಇಲ್ಲಿಗೇ ಬಂದವರಿಗೆ ಅದು ಹಳೆಯ ಧಾಟಿಯ ಯಾರದೋ ಒಂದು ದನಿ. ಇದಕ್ಕೆ ಒಂದು ಅಪವಾದವಿದೆ. ಗಿಟಾರು ಹಿಡಿದು ಹಾಡುವವರ ಸಂಗೀತವನ್ನು ಮೆಚ್ಚಿ, ಟೆಕ್ನೋ ಎಂದರೆ ಗದ್ದಲವೆಂದು ದೂರ ಸರಿಯುವವರು ಮನೆಯಲ್ಲಿದ್ದರೆ ಅವರಿಗೆ ಮೊದಲು ಕೇಳಿಸಬೇಕಾದದ್ದು ಇದನ್ನೇ.

ಕೊಳ್ಳುವಾಗ ನೋಡಬೇಕಾದದ್ದು

ಒಂದೇ ಕೃತಿ ಎರಡು ಅಳತೆಗಳಲ್ಲಿ ಸಿಗುವುದುಂಟು: ಮೂರು ನಾಲ್ಕು ನಿಮಿಷಕ್ಕೆ ಕತ್ತರಿಸಿದ ಎಡಿಟ್, ಮತ್ತು ಆರೇಳು ನಿಮಿಷದ ಪೂರ್ಣ ರೂಪ. ಪಟ್ಟಿಯಲ್ಲಿ ಎರಡೂ ಒಂದೇ ಚಿತ್ರದೊಡನೆ, ಹೆಚ್ಚುಕಡಿಮೆ ಒಂದೇ ಹೆಸರಿನಲ್ಲಿ ಇರುತ್ತವೆ. ನಾನೇ ಒಮ್ಮೆ ಅವಸರದಲ್ಲಿ ಎಡಿಟನ್ನು ಕೊಂಡು, ನುಡಿಸಲು ಹೊರಟಾಗ ಬೆರೆಸಲು ಆರಂಭದ ಡ್ರಮ್ಮೇ ಇಲ್ಲವೆಂಬುದು ತಿಳಿದು ಪೆಚ್ಚಾಗಿದ್ದೇನೆ. ಬರೀ ಕೇಳುವವರಿಗೂ ಪೂರ್ಣ ರೂಪವೇ ಮೇಲು, ಏಕೆಂದರೆ ಎಡಿಟ್ ಮಾಡುವಾಗ ಮೊದಲು ಕತ್ತರಿಗೆ ಸಿಕ್ಕುವುದು ಬ್ರೇಕ್‌ಡೌನಿಗೆ ಮುಂಚಿನ ಕಾಯುವಿಕೆ, ಮತ್ತು ಕಾಯದೆ ಬಂದ ಗಳಿಗೆಗೆ ಈ ಸಂಗೀತದಲ್ಲಿ ಬೆಲೆಯಿಲ್ಲ.

ಫೈಲಿನ ಗುಣಮಟ್ಟದ ಬಗ್ಗೆ ಅಂಗಡಿಗಳು ಹೇಳುವಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಸಿಡಿ ಗುಣಮಟ್ಟದ ವೇವ್ ಫೈಲು ಸೆಕೆಂಡಿಗೆ 1411 ಕಿಲೋಬಿಟ್ ತೆಗೆದುಕೊಳ್ಳುವುದರಿಂದ ಏಳು ನಿಮಿಷದ ಕೃತಿ ಸುಮಾರು 74 ಮೆಗಾಬೈಟ್ ಆಗುತ್ತದೆ. ಅದೇ ಕೃತಿ 320 ಕಿಲೋಬಿಟ್‌ನ ಎಂಪಿ3 ಆದರೆ ಸುಮಾರು 17 ಮೆಗಾಬೈಟ್. ದೊಡ್ಡ ಸ್ಪೀಕರುಗಳಲ್ಲಿ ನುಡಿಸುವವರು, ವೇಗವನ್ನು ಹೆಚ್ಚುಕಡಿಮೆ ಮಾಡುವವರು ಮೊದಲನೆಯದಕ್ಕೆ ಹೆಚ್ಚಿನ ಹಣ ಕೊಡುವುದರಲ್ಲಿ ಅರ್ಥವಿದೆ. ಬಸ್ಸಿನಲ್ಲಿಯೋ ಮೆಟ್ರೊದಲ್ಲಿಯೋ ಬ್ಲೂಟೂತ್ ಇಯರ್‌ಫೋನಿನಲ್ಲಿ ಕೇಳುವವರು ಆ ಹಣವನ್ನು ಉಳಿಸಿ ಸ್ವಲ್ಪ ಒಳ್ಳೆಯ ಹೆಡ್‌ಫೋನಿಗೆ ಹಾಕುವುದು ಲೇಸು. ಡ್ರಮ್ಮಿನ ಆ ತಗ್ಗಿದ ಪೆಟ್ಟಿನ ಶಕ್ತಿ ಹೆಚ್ಚಾಗಿ ಇರುವುದು 50ರಿಂದ 100 ಹರ್ಟ್ಸ್ ಆಸುಪಾಸಿನಲ್ಲಿ, ಫೋನಿನ ಪುಟ್ಟ ಸ್ಪೀಕರಿಗೆ ಅಷ್ಟು ತಗ್ಗಿನ ನಾದವನ್ನು ಹೊರಡಿಸುವುದೇ ಆಗುವುದಿಲ್ಲ. ಅದರಲ್ಲಿ ಕೇಳಿ ಒಂದು ಆಲ್ಬಂ ಚೆನ್ನಾಗಿಲ್ಲವೆಂದು ತೀರ್ಮಾನಿಸಿದರೆ ಅರ್ಧ ಆಲ್ಬಮನ್ನು ಕೇಳದೆಯೇ ತೀರ್ಮಾನಿಸಿದಂತೆ. ವಿನೈಲ್ ಬೇಕೆನ್ನುವವರು ಹೊರದೇಶದಿಂದ ತರಿಸುವಾಗ ತಟ್ಟೆಯ ಬೆಲೆಗೆ ಸಾಗಣೆ, ಸುಂಕಗಳೂ ಸೇರುತ್ತವೆಂಬುದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಲಿ.

‘ಕ್ಯಾಸಿಯೋಪಿಯ’ ಇಷ್ಟವಾಗಿಯೂ ಅದರಲ್ಲಿನ ಭಾವುಕತೆ ಹೆಚ್ಚಾಯಿತೆನಿಸುವವರಿಗೆ ಬ್ರೆಮೆನ್ ನಗರದ ಸ್ಟೆಫಾನ್ ಬೊಡ್ಜಿನ್ ಇದ್ದಾರೆ. ಅವರ 2015ರ ‘ಪವರ್ಸ್ ಆಫ್ ಟೆನ್’ ಮತ್ತು 2021ರ ‘ಬೋವಾವಿಸ್ಟಾ’ ಆಲ್ಬಂಗಳಲ್ಲಿ ಸ್ವರಸಾಲು ಇದ್ದರೂ ಸಿಂಥಸೈಜರಿನ ಒರಟುತನ ಹಾಗೆಯೇ ಉಳಿದಿದೆ. ಇನ್ನೂ ಮೃದುವಾದದ್ದು ಬೇಕೆನ್ನುವವರಿಗೆ ಬರ್ಲಿನ್‌ನ ಬೆನ್ ಬೋಮರ್ ಅವರ 2019ರ ‘ಬ್ರೀದಿಂಗ್’ ಒಳ್ಳೆಯ ಆರಂಭ. ಅವರ ವಿಷಯದಲ್ಲಿ ಹೊಸದಾದ 2024ರ ‘ಬ್ಲೂಮ್’ ಆಲ್ಬಮಿನಿಂದಲೇ ತೊಡಗಿದರೂ ಏನೂ ಕಳೆದುಕೊಂಡಂತಾಗುವುದಿಲ್ಲ, ಏಕೆಂದರೆ ಕೋಲ್ಶ್ ಅವರಂತೆ ಅವರು ಆಲ್ಬಂಗಳನ್ನು ಒಂದು ಬದುಕಿನ ಅಧ್ಯಾಯಗಳಾಗಿ ಜೋಡಿಸಿಲ್ಲ.